ಕೋಟಪ್ಪನ ಕರಿ ಕೋಟು

ನಿಮ್ಮ ಮನೆಯಲ್ಲೂ ಅವನಿದ್ದಾನೆ. ಇಲ್ಲ ಅನ್ನಬೇಡಿ. ಈ ಪುಟವನ್ನು ಇಲ್ಲೇ ಮಗುಚಿಟ್ಟು ಬಚ್ಚಲುಮನೆಗೆ ಹೋಗಿ, ಗೀಸರಿನ ಕೆಳಗಿನ ಗೋಡೆಯನ್ನೋ ಬಾಗಿಲ ಹಿಂದಿನ ಮೂಲೆಯನ್ನೋ ಒಮ್ಮೆ ನೋಡಿ ಬನ್ನಿ. ಸೌತೆಬೀಜದಷ್ಟು ಉದ್ದದ, ಚಪ್ಪಟೆಯಾದ, ಬೂದು ಬಣ್ಣದ ಒಂದು ಚೀಲ ಗೋಡೆಗೆ ಅಂಟಿಕೊಂಡಿರುತ್ತದೆ. ನಡುವೆ ಅಗಲ, ಎರಡು ತುದಿಯಲ್ಲೂ ಸಪೂರ. ಗಾರೆ ಎದ್ದಿದೆ ಅಂದುಕೊಂಡು ನೀವು ಇಷ್ಟು ವರ್ಷ ಅದರ ಎದುರಿಗೇ ಮೈಮೇಲೆ ನೂಲೆಳೆ ಇಲ್ಲದೆ ನಿಂತು ಸ್ನಾನ ಮಾಡಿದ್ದೀರಿ. ಅದು ಗಾರೆಯಲ್ಲ, ಒಳಗೊಬ್ಬ ಇದ್ದಾನೆ. ಐದು ನಿಮಿಷ ಅಲ್ಲಾಡದೆ ನಿಂತರೆ ಒಂದು ತುದಿಯಿಂದ ಕಂದು ಬಣ್ಣದ ಪುಟ್ಟ ತಲೆ ಹೊರಗೆ ಬರುತ್ತದೆ, ಮೂರು ಜೊತೆ ಕಾಲು ಬರುತ್ತವೆ, ಆಮೇಲೆ ಅವನು ಮನೆಯನ್ನೇ ಎಳೆದುಕೊಂಡು ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತಾನೆ.

ನಮ್ಮ ಮನೆಯಲ್ಲಿ ಅವನ ಹೆಸರು ಕೋಟಪ್ಪ. ಇಟ್ಟವಳು ನಮ್ಮಮ್ಮ. ಅವಳಿಗೆ ಸ್ಫೂರ್ತಿ ಕೊಟ್ಟವರು ಅಪ್ಪನ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ. ಶಿರಸ್ತೇದಾರರಾಗಿದ್ದ ಅವರು ಏಪ್ರಿಲ್ ತಿಂಗಳ ಬಿಸಿಲಲ್ಲೂ ಉಣ್ಣೆಯ ಕೋಟು ಹಾಕಿಕೊಂಡೇ ನಜರ್‌ಬಾದಿನ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ಊಟ ಮುಗಿಯುವ ತನಕ ಅವರ ಕತ್ತು ಹೊರಗಿರುತ್ತಿತ್ತು. "ಭಾವನೋರೇ, ಈ ಹಂಡೆ ಸ್ವಲ್ಪ ಇಳಿಸ್ಕೊಡ್ತೀರಾ?" ಅಂತ ಅಮ್ಮ ಕೇಳಿದಳೋ, ಕತ್ತು ಕೋಟಿನೊಳಗೆ ಹೋಗಿ ಗೊರಕೆ ಶುರುವಾಗುತ್ತಿತ್ತು. ಬಚ್ಚಲ ಗೋಡೆಯ ಹುಳವೂ ಬೆರಳು ತಾಗಿಸಿದ ತಕ್ಷಣ ಹಾಗೇ ಒಳಗೆ ಸೇರಿಕೊಳ್ಳುವುದನ್ನು ಅಮ್ಮ ಒಂದು ದಿನ ನೋಡಿದಳು. ಅವತ್ತಿನಿಂದ ಅದು ಕೋಟಪ್ಪ. ದೊಡ್ಡಪ್ಪನಿಗೆ ಈ ವಿಷಯ ಕೊನೆಯವರೆಗೂ ಗೊತ್ತಾಗಲಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿ ನಿವೃತ್ತಳಾದವಳು. 'ಮೇಡಂ' ಅನ್ನಿಸಿಕೊಂಡವಳು ಮೇಷ್ಟರು ಹೇಗಾದಳು ಅಂತ ಕೇಳಬೇಡಿ, ನಮ್ಮ ಮನೆಯವರು ನನ್ನನ್ನು ಹಾಗೆಯೇ ಕರೆಯುವುದು. ವರ್ಷ ವರ್ಷವೂ ಮಕ್ಕಳಿಗೆ ರೇಷ್ಮೆ ಹುಳದ ಜೀವನಚಕ್ರದ ಚಿತ್ರ ಬರೆಸಿದ್ದೇನೆ. ಮೈಸೂರಿನಲ್ಲಿ ಪತಂಗ ಅಂದರೆ ರೇಷ್ಮೆ ಪತಂಗ ಒಂದೇ, ಉಳಿದದ್ದೆಲ್ಲ ಕಸ. ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಎಲೆ ಹೆಚ್ಚಿ ಬಾಯಿಗಿಡಬೇಕು, ಗಾಳಿ ಹೆಚ್ಚಾದರೆ ಸಾಯುತ್ತದೆ, ಕಡಿಮೆಯಾದರೆ ಸಾಯುತ್ತದೆ, ಇಷ್ಟೆಲ್ಲ ಉಪಚಾರ ಮಾಡಿಸಿಕೊಂಡು ಕೊನೆಗೆ ಬಿಸಿನೀರಿನಲ್ಲಿ ಬೇಯುತ್ತದೆ. ಕೋಟಪ್ಪನೂ ಬಾಯಿಂದ ರೇಷ್ಮೆಯನ್ನೇ ನೂಲುವವನು. ಆದರೆ ಅವನಿಗೆ ಯಾರ ಹಂಗೂ ಇಲ್ಲ. ಜೇಡರ ಹಳೇ ಬಲೆ, ಸತ್ತ ಸೊಳ್ಳೆ, ಉಣ್ಣೆಯ ಎಳೆ, ನಮ್ಮ ನಿಮ್ಮ ಉದುರಿದ ಕೂದಲು, ಸಿಕ್ಕಿದ್ದೇ ಮೃಷ್ಟಾನ್ನ. ನಾನು ಪರೀಕ್ಷೆಗೆ ರೇಷ್ಮೆ ಹುಳವನ್ನೇ ಬರೆಸಿದೆ. ಮನಸ್ಸು ಮಾತ್ರ ಯಾವಾಗಲೂ ಕೋಟಪ್ಪನ ಕಡೆಗಿತ್ತು.

ಅವನು ಹುಟ್ಟುವುದು ಗೋಡೆಯಂಚಿನ ಕಸದಲ್ಲಿ. ಮೊಟ್ಟೆಯಿಂದ ಹೊರಬಿದ್ದವನು ಊಟ ಎಲ್ಲಿ ಅಂತ ಹುಡುಕುವ ಮೊದಲು ಕೋಟು ಹೊಲಿಯಲು ಕೂರುತ್ತಾನೆ. ಮೊದಲು ಮರಳಿನ ಕಣ, ಧೂಳು ಆಯ್ದು ರೇಷ್ಮೆಯಲ್ಲಿ ಪೋಣಿಸಿ ತನ್ನ ಮೈಮೇಲೆ ಒಂದು ಕಮಾನು ಕಟ್ಟುತ್ತಾನೆ. ಆಮೇಲೆ ಅದರ ಅಡಿಯನ್ನೂ ಮುಚ್ಚಿ ಕೊಳವೆ ಮಾಡಿಕೊಳ್ಳುತ್ತಾನೆ. ಬೆಳೆದ ಹಾಗೆಲ್ಲ ಎರಡು ತುದಿಗೂ ಬಟ್ಟೆ ಹಾಕಿ ಹೊಲಿಗೆ ಬಿಡಿಸಿ ದೊಡ್ಡದು ಮಾಡುತ್ತಾನೆ. ಒಳಗಡೆ ನುಣ್ಣನೆಯ ರೇಷ್ಮೆ, ಹೊರಗಡೆ ಊರ ಕಸ. ಮದುವೆ ಮನೆಗೆ ಒಳ್ಳೆ ಸೀರೆ ಉಟ್ಟು ಮೇಲೆ ಹಳೇ ಸ್ವೆಟರ್ ಹಾಕಿಕೊಂಡು ಬರುವ ನಮ್ಮ ಕೆಲವು ನೆಂಟರ ಕ್ರಮವೂ ಇದೇ.

ಅವನ ಚೀಲಕ್ಕೆ ಎರಡು ಕಡೆಯೂ ಬಾಗಿಲು. ಒಳಗೇ ಪಲ್ಟಿ ಹೊಡೆದು ಯಾವ ಕಡೆಯಿಂದ ಬೇಕಾದರೂ ತಲೆ ಹೊರಗೆ ಹಾಕಬಲ್ಲ. ಅವನಿಗೆ ಮುಂದು ಹಿಂದು ಅನ್ನುವುದೇ ಇಲ್ಲ, ಎತ್ತ ಊಟವಿದೆಯೋ ಅತ್ತ ಮುಂದು. ಪಕ್ಷ ಬದಲಾಯಿಸುವವರಾದರೂ ಒಂದು ಸಲ ತಿರುಗಿ ನಿಲ್ಲಬೇಕು, ಕೋಟಪ್ಪನಿಗೆ ಆ ಮುಜುಗರವೂ ಇಲ್ಲ. ಚಿಕ್ಕವರಿದ್ದಾಗ ಇದೇ ನಮ್ಮ ಆಟವಾಗಿತ್ತು. ನಜರ್‌ಬಾದ್ ಮನೆಯ ಬಚ್ಚಲಲ್ಲಿ ಹಂಡೆ ಒಲೆಯ ಮಸಿ ಹಿಡಿದ ಗೋಡೆಯ ಮೇಲೆ ನಾನೂ ಗಿರಿಜಕ್ಕನೂ ಒಂದೊಂದು ಕೋಟಪ್ಪನನ್ನು ಗುರುತು ಮಾಡಿಕೊಂಡು ಪಂದ್ಯಕ್ಕೆ ಬಿಡುತ್ತಿದ್ದೆವು. ನೀರು ಕಾಯುವುದರೊಳಗೆ ಇಟ್ಟಿಗೆಯ ಗೆರೆ ಮುಟ್ಟಿದವನು ಗೆದ್ದ. ಗೆದ್ದವರಿಗೆ ಸೋತವರ ಪಾಲಿನ ಕಂಬರ್‌ಕಟ್ಟು. ಅಕ್ಕನ ಕೋಟಪ್ಪ ನೆಟ್ಟಗೆ ಹೋಗುತ್ತಿದ್ದ. ನನ್ನವನು ಮುಕ್ಕಾಲು ದಾರಿ ಹೋಗಿ, ಒಳಗೇ ತಿರುಗಿ, ಹಿಂದಿನ ಬಾಗಿಲಿನಿಂದ ತಲೆ ಹಾಕಿ, ಬಂದ ದಾರಿಯಲ್ಲೇ ವಾಪಸು ಹೊರಡುತ್ತಿದ್ದ. "ನಿನ್ನ ಹುಳಾನೂ ನಿನ್ನಂಗೇ ಕಣೇ" ಅಂತ ಅಕ್ಕ ನನ್ನ ಕಂಬರ್‌ಕಟ್ಟನ್ನು ನನ್ನ ಕಣ್ಣೆದುರಿಗೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಅದೇ ಅಕ್ಕ ಈಗ ಬೋಗಾದಿಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡಿದ್ದಾಳೆ. ಅವಳ ಮನೆಯ ಸುತ್ತ ನಾಲ್ಕು ಕಡೆಯೂ ಕಟ್ಟಡ ಏಳುತ್ತಿವೆ, ಸಿಮೆಂಟಿನ ಧೂಳು ಹಗಲೆಲ್ಲ ಒಳಗೆ ನುಗ್ಗುತ್ತದೆ, ಅಕ್ಕ ಹಗಲೆಲ್ಲ ಅದನ್ನು ಹೊರಗೆ ಅಟ್ಟುತ್ತಾಳೆ. ಅವಳ ಮನೆಯಲ್ಲಿ ಜೇಡ ಬಲೆ ಕಟ್ಟುವುದಿರಲಿ, ನೂಲು ತೆಗೆಯುವುದಕ್ಕೇ ಹೆದರುತ್ತದೆ. ರಾಮಕೃಷ್ಣನಗರದ ನಮ್ಮ ಮನೆ ಹಾಗಲ್ಲ. ನಾನು ಗುಡಿಸುತ್ತೇನೆ, ಆದರೆ ಮೂಲೆಯೊಳಗೆ ಕೈ ಹಾಕುವುದಿಲ್ಲ. ಜೀವಿಗಳಿಗೆ ಅವುಗಳ ಆವಾಸಸ್ಥಾನ ಬಿಡಬೇಕು ಅಂತ ಪಾಠ ಮಾಡಿದವಳು ನಾನು. ನಮ್ಮ ಮನೆಯವರು ಇದಕ್ಕೆ ಸೋಮಾರಿತನ ಅನ್ನುತ್ತಾರೆ, ವಿಜ್ಞಾನ ಓದದಿದ್ದರೆ ಹೀಗೇ.

ಈಗ ರಾಣಿಯ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಸುತ್ತಿ ಬಳಸಿ ಮಾತಾಡಿದ್ದೇ ಅದನ್ನು ಹೇಳುವುದಕ್ಕೆ ಬಾಯಿ ಬಾರದೆ.

ನಮ್ಮಮ್ಮನ ಮದುವೆಯಲ್ಲಿ ಅವಳ ತಾಯಿ ಒಂದು ಜೊತೆ ಪಟ್ಟದ ಗೊಂಬೆ ಕೊಟ್ಟಿದ್ದರು. ಗೊತ್ತಲ್ಲ, ದಸರಾ ಗೊಂಬೆ ಕೂರಿಸುವಾಗ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಕೂರುವ ಮರದ ರಾಜ ರಾಣಿ. ತಾಯಿ ಮಗಳಿಗೆ ಕೊಡಬೇಕು, ಮಗಳು ವರ್ಷ ವರ್ಷ ಹೊಸ ಬಟ್ಟೆ ಉಡಿಸಿ ಕೂರಿಸಬೇಕು. ನಮ್ಮ ರಾಜನಿಗೆ ಮೀಸೆ, ಪೇಟ, ಕತ್ತಿ ಎಲ್ಲ ಇತ್ತು. ರಾಣಿಯ ತಲೆಗೆ ಮಾತ್ರ ಬರೀ ಕಪ್ಪು ಬಣ್ಣ ಬಳಿದು ಬಿಟ್ಟಿದ್ದರು. ಒಂದು ವರ್ಷ ಗೊಂಬೆ ನೋಡಲು ಬಂದ ಎದುರು ಮನೆಯಾಕೆ ಚರ್ಪಿನ ತಿಂಡಿ ಕೈಲಿ ಹಿಡಿದುಕೊಂಡೇ, "ಏನ್ರೀ, ನಿಮ್ ರಾಣಿಗೆ ಜಡೇನೇ ಇಲ್ವಲ್ರೀ, ಪಾಪ" ಅಂದುಬಿಟ್ಟರು. ಆ 'ಪಾಪ' ಅಮ್ಮನಿಗೆ ತಡೆಯಲಾಗಲಿಲ್ಲ. ಅಮ್ಮನ ಜಡೆ ನಡುವಿನಿಂದ ಕೆಳಗೆ ಬರುತ್ತಿತ್ತು, ಬೀದಿಗೇ ಅದೊಂದು ಹೆಮ್ಮೆ.

ಬಾಚಿದಾಗ ಉದುರಿದ ಕೂದಲನ್ನು ಅಮ್ಮ ಎಸೆಯುತ್ತಿರಲಿಲ್ಲ. ಬೆರಳಿಗೆ ಸುತ್ತಿ ಉಂಡೆ ಮಾಡಿ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ಕೂದಲಿಗೆ ಪಿನ್ನು, ಬಾಚಣಿಗೆ ಕೊಡುವವನು ಬೀದಿಯಲ್ಲಿ ಕೂಗಿಕೊಂಡು ಬಂದಾಗ ಡಬ್ಬಿ ಖಾಲಿಯಾಗುತ್ತಿತ್ತು. ಆ ಸಲ ಅವನಿಗೆ ಪಿನ್ನು ಉಳಿಯಿತು. ಅಮ್ಮ ಉಂಡೆಗಳನ್ನೆಲ್ಲ ಬಿಡಿಸಿ, ಎಳೆ ಎಳೆ ಹೊಂದಿಸಿ, ಬುಡಕ್ಕೆ ಕಪ್ಪು ದಾರ ಬಿಗಿದು, ಮಾರನೇ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ರಾಣಿಗೆ ಒಂದು ಜಡೆ ಹೆಣೆದು ತಲೆಗೆ ಅಂಟಿಸಿದಳು. ಕೋಪದಲ್ಲಿ ಅಳತೆ ತಪ್ಪಿತ್ತು. ಜಡೆ ರಾಣಿಯ ಹಿಮ್ಮಡಿ ದಾಟಿ ಮೆಟ್ಟಿಲಿನ ಅಂಚಿಗೆ ಇಳಿಯುತ್ತಿತ್ತು. ಎದುರು ಮನೆಯಾಕೆಯನ್ನು ಮತ್ತೆ ಕರೆಸಿ, ಮತ್ತೆ ಚರ್ಪು ಕೊಟ್ಟು, ಜಡೆ ತೋರಿಸಿ ಕಳಿಸಿದಳು.

ಅಮ್ಮ ಹೋಗಿ ಏಳು ವರ್ಷವಾಯಿತು. ಸೀರೆ, ಸರ, ಪಾತ್ರೆ ಎಲ್ಲವನ್ನೂ ಅಕ್ಕ ನಾನು ಒಂದು ಮಾತಿಲ್ಲದೆ ಹಂಚಿಕೊಂಡೆವು. ಗೊಂಬೆಗೆ ಬಂದಾಗ ಮಾತ್ರ ಜಗಳ ಬಿತ್ತು. ಇಬ್ಬರಿಗೂ ಬೇಕಾಗಿದ್ದದ್ದು ರಾಣಿ, ಯಾಕೆ ಅಂತ ನಾನು ಹೇಳಬೇಕಾಗಿಲ್ಲ. ಸೀರೆಯಲ್ಲಿದ್ದ ಅಮ್ಮನ ವಾಸನೆ ಒಂದು ಒಗೆತಕ್ಕೆ ಹೋಗಿತ್ತು, ಆ ಜಡೆಯಲ್ಲಿ ಮಾತ್ರ ಇನ್ನೂ ಹರಳೆಣ್ಣೆಯ ವಾಸನೆ ಇತ್ತು. ಕೊನೆಗೆ ಚೀಟಿ ಎತ್ತಿದೆವು. ರಾಜ ಅಕ್ಕನಿಗೆ, ರಾಣಿ ನನಗೆ ಬಂತು. "ನೀನು ಅದನ್ನ ಹಾಳು ಮಾಡ್ತೀಯ, ಬರೆದಿಟ್ಕೋ" ಅಂದಳು ಅಕ್ಕ. ಗಂಡ ಹೆಂಡತಿಯನ್ನು ಬೇರೆ ಮಾಡಿದ ಪಾಪ ನಮ್ಮ ತಲೆಗಿರಲಿ, ರಾಜ ಬೋಗಾದಿಯಲ್ಲಿ, ರಾಣಿ ರಾಮಕೃಷ್ಣನಗರದಲ್ಲಿ, ವರ್ಗಾವಣೆ ಸಿಗದ ಸರ್ಕಾರಿ ನೌಕರರ ಹಾಗೆ ಸಂಸಾರ ಮಾಡಿಕೊಂಡಿದ್ದರು. ದಸರೆಗೆ ಒಂಬತ್ತು ದಿನ ರಜ ಹಾಕಿ ರಾಣಿ ಬೋಗಾದಿಗೆ ಹೋಗಿ ಬರುತ್ತಿದ್ದಳು.

ಈ ಸಲ ಆಷಾಢದಲ್ಲಿ ಅಕ್ಕನ ಫೋನು ಬಂತು. ಅವಳ ಮಗಳು ಸಿಂಧುವಿಗೆ ಮದುವೆ ಗೊತ್ತಾಗಿತ್ತು, ಶ್ರಾವಣದ ಕೊನೆಯಲ್ಲಿ ಲಗ್ನ.

"ಗೊಂಬೆ ಜೋಡಿನ ಅವಳಿಗೆ ಕೊಟ್ಬುಡೋಣ ಕಣೇ" ಅಂದಳು. "ನಮ್ ಜಗಳ ಸಾಕು."

"ಆಯ್ತಕ್ಕ" ಅಂದೆ. ನಿಜವಾಗಿಯೂ ಖುಷಿಯಾಗಿತ್ತು.

"ಅಮ್ಮ ಅವಳಿಗೆ ದಿನಾ ಸ್ಕೂಲಿಗೆ ಜಡೆ ಹಾಕ್ತಿದ್ಲು, ಜ್ಞಾಪಕ ಇದ್ಯಾ? ಎಳೆದೆಳೆದು ಹಾಕೋಳು, ಮಗು ಕಣ್ಣು ಕೂಡ ಮುಚ್ಚಕ್ಕಾಗ್ತಿರ್ಲಿಲ್ಲ. ಮದುವೆಗೆ ಅಮ್ಮ ಇಲ್ಲ. ಅಮ್ಮನ ಜಡೆ ಆದ್ರೂ ಇರ್ಲಿ." ಆಮೇಲೆ ಅವಳ ಮಾಮೂಲಿ ದನಿ ಬಂತು. "ರಾಣಿ ಚೆನ್ನಾಗಿದಾಳೆ ತಾನೆ?"

"ಚೆನ್ನಾಗಿದಾಳೆ" ಅಂದೆ. ಕಪಾಟಿನ ಮೇಲೆ ಬೂಟಿನ ಡಬ್ಬಿಯಲ್ಲಿ ಇದ್ದಳಲ್ಲ, ಚೆನ್ನಾಗಿರದೆ ಏನು.

ಹಿಂದಿನ ದಸರೆ ಮುಗಿದ ಮೇಲೆ ರಾಣಿಯನ್ನು ತಂದು ಎತ್ತಿಡುವಾಗ ಬಣ್ಣಕ್ಕೆ ಗೀರು ಬೀಳದಿರಲಿ ಅಂತ ಮೆತ್ತಗಿನದೇನಾದರೂ ಸುತ್ತಬೇಕಿತ್ತು. ಕೈಗೆ ಸಿಕ್ಕಿದ್ದು ನಮ್ಮ ಮನೆಯವರ ಕೆಂಪು ಮಂಕಿ ಕ್ಯಾಪು, ಅಪ್ಪಟ ಉಣ್ಣೆಯದ್ದು. ರಾಣಿಯ ತಲೆಯಿಂದ ಕಾಲಿನವರೆಗೂ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ನುಸಿಗುಳಿಗೆ ಹಾಕಿದರೆ ನನಗೆ ಸೀನು, ಆದ್ದರಿಂದ ಹಾಕಲಿಲ್ಲ. ಆ ಚಳಿಗಾಲ ಪೂರ್ತಿ ಅವರು ಕ್ಯಾಪು ಹುಡುಕಿದರು, ನಾನೂ ಅವರ ಜೊತೆ ಸೇರಿ ಹುಡುಕಿದೆ. ಎಲ್ಲಿಟ್ಟಿದ್ದೇನೆ ಅನ್ನುವುದು ಸತ್ಯವಾಗಿಯೂ ಮರೆತುಹೋಗಿತ್ತು. ಉಣ್ಣೆಯನ್ನೂ, ಎಣ್ಣೆ ಹಿಡಿದ ಕೂದಲನ್ನೂ ಒಟ್ಟಿಗೆ ಸುತ್ತಿ, ಕತ್ತಲೆ ಡಬ್ಬಿಯಲ್ಲಿ ಒಂಬತ್ತು ತಿಂಗಳು ಇಟ್ಟವಳು ಒಬ್ಬ ವಿಜ್ಞಾನದ ಮೇಷ್ಟರು ಅಂತ ನನ್ನ ಹಳೇ ವಿದ್ಯಾರ್ಥಿಗಳಿಗೆ ದಯವಿಟ್ಟು ಹೇಳಬೇಡಿ.

ಡಬ್ಬಿ ತೆರೆದೆ. ಮಂಕಿ ಕ್ಯಾಪಿನಲ್ಲಿ ರಾಗಿ ಜರಡಿಯಷ್ಟು ತೂತುಗಳಿದ್ದವು. ಅದನ್ನು ಬಿಚ್ಚಿದಾಗ ರಾಣಿ ಬೋಳು ತಲೆ ಹೊತ್ತು ನನ್ನನ್ನು ನೋಡಿ ನಗುತ್ತಿದ್ದಳು, ಮರದ ಮುಖಕ್ಕೆ ಬೇರೇನು ಗೊತ್ತು. ಹಿಮ್ಮಡಿ ದಾಟುತ್ತಿದ್ದ ಜಡೆ ಇರಲಿಲ್ಲ. ಬುಡದಲ್ಲಿ ಅಮ್ಮ ಬಿಗಿದಿದ್ದ ಕಪ್ಪು ದಾರ ಹಾಗೇ ಇತ್ತು, ಅದರ ಬಿಗಿಯೊಳಗೆ ಒಂದು ಉಗುರಿನಷ್ಟು ಕೂದಲು ಉಳಿದಿತ್ತು. ಡಬ್ಬಿಯ ತಳದಲ್ಲಿ ಮರಳಿನ ಹಾಗೆ ಹಿಕ್ಕೆ, ನಾಲ್ಕಾರು ಖಾಲಿ ಚೀಲ, ಪಕ್ಕದಲ್ಲಿ ಐವರು ಕೋಟಪ್ಪಂದಿರು ಉಂಡ ಮನೆಯಲ್ಲಿ ಮಲಗಿದ ಹಾಗೆ ಮಲಗಿದ್ದರು.

ನಾನು ನೆಲದ ಮೇಲೆ ಕೂತುಬಿಟ್ಟೆ. ಅಮ್ಮ ಸತ್ತ ದಿನ ಕೂಡ ನಾನು ಅಷ್ಟು ಅತ್ತಿರಲಿಲ್ಲ, ಅವತ್ತು ಮಾಡಬೇಕಾದ ಕೆಲಸಗಳಿದ್ದವು. ನಮ್ಮ ಮನೆಯವರು ಓಡಿ ಬಂದವರು ಮೊದಲು ನೋಡಿದ್ದು ಕ್ಯಾಪನ್ನು. ಬಾಯಿ ತೆರೆದರು, ನನ್ನ ಮುಖ ನೋಡಿ ಮುಚ್ಚಿಕೊಂಡರು. ಮೂವತ್ತು ವರ್ಷದ ಸಂಸಾರದಲ್ಲಿ ನನಗೆ ಅವರ ಮೇಲೆ ಅಷ್ಟು ಪ್ರೀತಿ ಬಂದದ್ದು ಕಡಿಮೆ.

ಪೊರಕೆ ತಂದೆ. ಹೊಡೆಯುವ ಮೊದಲು ಯಾಕೋ ಸ್ಕೂಲಿನಿಂದ ತಂದಿಟ್ಟುಕೊಂಡಿದ್ದ ಭೂತಗನ್ನಡಿ ಹಿಡಿದು ನೋಡಿದೆ. ನಮ್ಮ ಬಚ್ಚಲಿನ ಕೋಟಪ್ಪಂದಿರ ಕೋಟು ಬೂದಿ ಬಣ್ಣದ್ದು. ಈ ಐವರದ್ದು ಕಪ್ಪು. ಧೂಳಿನ ನಡುವೆ ಕೂದಲ ತುಣುಕುಗಳನ್ನು ಅಡ್ಡಡ್ಡ ಜೋಡಿಸಿ ಹೊಲಿದಿದ್ದರು, ಅಲ್ಲೊಂದು ಇಲ್ಲೊಂದು ಮಂಕಿ ಕ್ಯಾಪಿನ ಕೆಂಪು ಎಳೆ ಅಂಚು ಕಟ್ಟಿದಂತೆ ಕಾಣುತ್ತಿತ್ತು. ಇಷ್ಟು ಒಳ್ಳೆ ಬಟ್ಟೆ ಅವರ ವಂಶದಲ್ಲೇ ಯಾರೂ ತೊಟ್ಟಿರಲಾರರು. ತಿಂದದ್ದು ಹೊಟ್ಟೆಗೆ ಹೋಯಿತು ಸರಿ, ತೊಟ್ಟದ್ದು ಮೈಮೇಲೆ ಇದೆಯಲ್ಲ. ಭೂಮಿಯ ಮೇಲೆ ಅಮ್ಮನ ಜಡೆ ಅಂತ ಉಳಿದಿರುವುದು ಆ ದಾರದೊಳಗಿನ ಉಗುರಿನಷ್ಟು, ಮತ್ತೆ ಈ ಐವರು ಕಳ್ಳರ ಬೆನ್ನ ಮೇಲೆ ಇರುವಷ್ಟು. ಪೊರಕೆ ಕೆಳಗಿಟ್ಟೆ. ಐವರನ್ನೂ ಒಂದು ಕಾಗದದ ಮೇಲೆ ಎತ್ತಿಕೊಂಡು ಹೋಗಿ ಬಚ್ಚಲ ಗೋಡೆಗೆ ಬಿಟ್ಟು, ನಮ್ಮ ಕೆಲಸದಾಕೆಗೆ ಆ ಗೋಡೆಗೆ ಕೈ ಹಚ್ಚಕೂಡದು ಅಂತ ಹೇಳಿದೆ. ಅವಳು ಆ ಮಾತನ್ನು ಸಂತೋಷದಿಂದ ಪಾಲಿಸಿದಳು.

ಅಲ್ಲಿಂದ ಸುಳ್ಳಿನ ದಿನಗಳು. ಅಕ್ಕ ಎರಡು ದಿನಕ್ಕೊಮ್ಮೆ ಫೋನು ಮಾಡುವಳು. ರಾಣಿಗೆ ಸಿಂಧುವಿನ ಧಾರೆ ಸೀರೆಯ ತುಂಡಿನಲ್ಲೇ ಸೀರೆ ಹೊಲಿಸಬೇಕಂತೆ, ಯಾವಾಗ ಬಂದು ಕರಕೊಂಡು ಹೋಗಲಿ ಅಂತ ಕೇಳುವಳು. ನಾನು ಒಂದು ಸಲ ಜ್ವರ ಅಂದೆ, ಒಂದು ಸಲ ಮನೆಗೆ ಸುಣ್ಣ ಬಳಿಸುತ್ತಿದ್ದೇವೆ ಅಂದೆ. ಸುಣ್ಣ ಅಂದದ್ದು ಕೇಳಿ ಅಕ್ಕನಿಗೆ ಗುಮಾನಿ ಬಂದಿರಬೇಕು. ನಾನು ಮನೆಗೆ ಸುಣ್ಣ ಬಳಿಸುವವಳಲ್ಲ.

ಜಡೆಯನ್ನೇ ಕೊಂಡು ತಂದರಾಯಿತು ಅಂತ ಐಡಿಯಾ ಕೊಟ್ಟವರು ನಮ್ಮ ಮನೆಯವರು. ಮಾರ್ಕೆಟ್ಟಿನ ಹತ್ತಿರ ಬಳೆ, ಕುಚ್ಚು, ಚೌರಿ ಮಾರುವ ಅಂಗಡಿಗೆ ಹೋದೆ.

"ಎಷ್ಟುದ್ದ ಬೇಕಮ್ಮ?" ಅಂದರು ಅಂಗಡಿಯವರು.

"ಒಂದು ಗೇಣು."

ಅವರು ನನ್ನ ತಲೆಯನ್ನು ನೋಡಿದರು. ನನ್ನ ಸಪೂರ ಜಡೆ ನೋಡಿ ಅವರಿಗೂ ಮರುಕ ಬಂದಿರಬೇಕು. "ನಿಮಗೆ ಒಂದು ಗೇಣು ಸಾಲಲ್ಲ ಕಣಮ್ಮ."

"ನನಗಲ್ಲ, ಗೊಂಬೆಗೆ."

"ಒರಿಜಿನಲ್ ಕೊಡ್ಲಾ, ನೈಲಾನ್ ಕೊಡ್ಲಾ?"

"ಒರಿಜಿನಲ್ ಅಂದ್ರೆ ಯಾರ್ದು?"

"ಅದ್ಯಾರಿಗ್ ಗೊತ್ತಮ್ಮ! ಯಾರೋ ಪುಣ್ಯಾತ್ಗಿತ್ತಿದು."

ಯಾರದೋ ಪುಣ್ಯಾತ್ಗಿತ್ತಿಯ ಕೂದಲನ್ನು ಅಮ್ಮನದ್ದು ಅಂತ ಅಕ್ಕನ ಕೈಗೆ ಕೊಡಲು ನನಗೆ ಧೈರ್ಯವಾಗಲಿಲ್ಲ. ನೈಲಾನ್ ಆದರೆ ಯಾರದ್ದೂ ಅಲ್ಲ, ಕೋಟಪ್ಪ ಕೂಡ ಮೂಸುವುದಿಲ್ಲ. ತಂದು ಕಟ್ಟಿದೆ. ಜಡೆ ಪಳಪಳ ಹೊಳೆಯಿತು, ರಾಣಿ ನಾಟಕ ಕಂಪನಿಯ ಹೆಣ್ಣುವೇಷದವನ ಹಾಗೆ ಕಂಡಳು. ಬಿಚ್ಚಿಟ್ಟೆ. ನನ್ನ ಕೂದಲನ್ನೇ ಕೂಡಿಸಲು ಶುರು ಮಾಡಿದೆ, ಬಾಚಿದ್ದನ್ನೆಲ್ಲ ಬೆರಳಿಗೆ ಸುತ್ತಿ ಅಮ್ಮನ ಹಾಗೆ ಡಬ್ಬಿಗೆ ಹಾಕಿದೆ. ಉದುರುವುದರಲ್ಲಿ ನನಗೆ ಯಾವ ಕೊರತೆಯೂ ಇಲ್ಲ, ಆದರೆ ಮುಕ್ಕಾಲು ಪಾಲು ಬಿಳಿ. ಮದುವೆ ಹೆಣ್ಣಿಗೆ ಕೊಡುವ ರಾಣಿಗೆ ಮುದುಕಿ ಜಡೆ ಆಗುತ್ತದೆಯೇ?

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಕಾಫಿ ಹೊತ್ತಿಗೆ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಕೈಯಲ್ಲಿ ಸೀರೆ ತುಂಡಿನ ಕವರು.

"ಹೇಳ್ದೆ ಕೇಳ್ದೆ ಬಂದ್ಬುಟ್ಟೆ ಕಣೇ. ಎಲ್ಲಿ ಸುಣ್ಣ?" ಅಂತ ನಮ್ಮ ಗೋಡೆಗಳನ್ನು ಒಂದು ಸುತ್ತು ನೋಡಿ, "ಇರು, ಕಾಲು ತೊಳ್ಕೊಂಡ್ ಬರ್ತೀನಿ" ಅಂತ ನೆಟ್ಟಗೆ ಬಚ್ಚಲಿಗೆ ನಡೆದಳು.

ನಾನು ರಾಣಿಯ ಡಬ್ಬಿಯನ್ನು ಎಲ್ಲಿ ಬಚ್ಚಿಡಲಿ ಅಂತ ಕಕ್ಕಾಬಿಕ್ಕಿಯಾಗಿ ನಿಂತಿದ್ದೆ. ಒಳಗಿನಿಂದ ಅಕ್ಕನ ದನಿ ಬಂತು.

"ಥೂ, ಏನೇ ಇದು! ಗೋಡೆ ತುಂಬ ಕೋಟಪ್ಪಗಳನ್ನ ಸಾಕ್ಕೊಂಡಿದೀಯಲ್ಲೇ! ಪೊರಕೆ ಎಲ್ಲೇ? ಹಾಂ, ಇಲ್ಲೇ ಇದೆ ಬಿಡು."

ಈ ವಯಸ್ಸಿನಲ್ಲಿ, ಈ ಮಂಡಿಗಳಲ್ಲಿ ನಾನು ಓಡಿದ್ದನ್ನು ನೀವು ನೋಡಬೇಕಿತ್ತು. ಅಕ್ಕ ಸೆರಗು ಸಿಕ್ಕಿಸಿ ಪೊರಕೆ ಎತ್ತಿಯಾಗಿತ್ತು.

"ಅಕ್ಕಾ, ಹೊಡೀಬ್ಯಾಡ! ಅಮ್ಮ ಕಣೇ ಅದು!"

ನಡುಮನೆಯಲ್ಲಿ ನಮ್ಮ ಮನೆಯವರಿಗೆ ಕಾಫಿ ನೆತ್ತಿಗೆ ಹತ್ತಿದ ಸದ್ದು ಕೇಳಿಸಿತು. ಅಕ್ಕ ಪೊರಕೆ ಎತ್ತಿದಲ್ಲೇ ಹಿಡಿದು ನನ್ನನ್ನು ನೋಡಿದಳು. ನನಗೆ ಪೂರ್ತಿ ತಲೆ ಕೆಟ್ಟಿದೆ ಅಂದುಕೊಂಡಿರಬೇಕು, ಅವಳ ಮುಖದಲ್ಲಿ ಒಂದು ಕ್ಷಣ ನಿಜವಾದ ಭಯವಿತ್ತು.

ಹೇಳಿದೆ. ಡಬ್ಬಿ, ಮಂಕಿ ಕ್ಯಾಪು, ಜ್ವರ, ಸುಣ್ಣ, ನೈಲಾನು, ಎಲ್ಲವನ್ನೂ ಒಂದೇ ಉಸಿರಿಗೆ. ಹೇಳುತ್ತ ಹೇಳುತ್ತ ಅತ್ತೆ. ರಾಣಿಯನ್ನು ತಂದು ಅವಳ ಕೈಗಿಟ್ಟೆ, ಭೂತಗನ್ನಡಿಯನ್ನೂ ಕೊಟ್ಟೆ. ಬೈಗುಳಕ್ಕೆ ಕಾದೆ. 'ಬರೆದಿಟ್ಕೋ ಅಂದಿದ್ದೆನಲ್ಲ' ಅನ್ನುವುದಕ್ಕೆ ಅಕ್ಕನಿಗೆ ಏಳು ವರ್ಷದಿಂದ ಹಕ್ಕಿತ್ತು.

ಅಕ್ಕ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ರಾಣಿಯ ಬೋಳು ತಲೆಯ ಮೇಲೆ ಸ್ವಲ್ಪ ಹೊತ್ತು ಬೆರಳಾಡಿಸಿದಳು. ಆಮೇಲೆ ಭೂತಗನ್ನಡಿಯನ್ನು ಗೋಡೆಗೆ ಹಿಡಿದು ಕಪ್ಪು ಕೋಟಿನವನೊಬ್ಬನನ್ನು ನೋಡತೊಡಗಿದಳು. ತುಂಬ ಹೊತ್ತು ನೋಡಿದಳು. ಅವನು ತಲೆ ಹೊರಗೆ ಹಾಕಿದ, ಎರಡು ಹೆಜ್ಜೆ ಹೋದ, ಸಂಶಯ ಬಂದವನಂತೆ ನಿಂತ, ಒಳಗೆ ಹೋದ. ಆಮೇಲೆ ಹಿಂದಿನ ತುದಿಯಿಂದ ತಲೆ ಹಾಕಿ ಬಂದ ದಾರಿಯಲ್ಲೇ ಹೊರಟ.

"ಇವನು ನಿನ್ನೋನು" ಅಂದಳು ಅಕ್ಕ.

ನಾನು ಅಳುವುದರ ನಡುವೆ ನಕ್ಕುಬಿಟ್ಟೆ. ಅವಳೂ ನಕ್ಕಳು, ಅತ್ತಳು, ಸೆರಗಿನಲ್ಲಿ ಮೂಗೊರಸಿಕೊಂಡಳು. ಬಚ್ಚಲುಮನೆಯಲ್ಲಿ ಇಬ್ಬರು ಹೆಂಗಸರು ಬಕೆಟ್ಟಿನ ಮೇಲೊಬ್ಬಳು, ಸ್ಟೂಲಿನ ಮೇಲೊಬ್ಬಳು ಕೂತು ಹುಳ ನೋಡಿಕೊಂಡು ಅಳುವುದನ್ನು ಬಾಗಿಲಲ್ಲಿ ನಿಂತು ಕಂಡ ನಮ್ಮ ಮನೆಯವರು ಸದ್ದಿಲ್ಲದೆ ಕಾಫಿ ಲೋಟ ಎರಡನ್ನು ಹೊಸ್ತಿಲ ಮೇಲಿಟ್ಟು ಹೋದರು.

"ನೀನು ಹಾಳು ಮಾಡ್ತೀಯ ಅಂತ ಗೊತ್ತಿತ್ತು ಬಿಡು" ಅಂದಳು ಅಕ್ಕ ಕೊನೆಗೂ, ಬಿಡಲು ಅವಳಿಗೂ ಆಗಲಿಲ್ಲ. "ಆದ್ರೆ ಇದೊಂದು ಬುದ್ಧಿವಂತಿಕೆ ಮಾಡಿದ್ಯಲ್ಲ, ಪೊರಕೆಲಿ ಹೊಡೀಲಿಲ್ವಲ್ಲ. ನಾನಾಗಿದ್ರೆ ನೋಡ್ತಾನೇ ಇರ್ಲಿಲ್ಲ, ಗುಡಿಸಿ ಎಸ್ದ್ಬುಡ್ತಿದ್ದೆ."

ಮಧ್ಯಾಹ್ನ ಊಟದ ಮೇಲೆ ಇಬ್ಬರೂ ನಡುಮನೆಯಲ್ಲಿ ಕೂತೆವು. ಅಕ್ಕ ಜಡೆ ಬಿಚ್ಚಿದಳು. ಅವಳದ್ದು ಇನ್ನೂ ದಟ್ಟವಾಗಿದೆ, ಡೈ ಹಚ್ಚುತ್ತಾಳೆ, ಹಚ್ಚುವುದಿಲ್ಲ ಅಂತ ಊರಿಗೆಲ್ಲ ಹೇಳುತ್ತಾಳೆ. ಕತ್ತರಿಯಲ್ಲಿ ಒಂದು ಸಣ್ಣ ಹಿಡಿ ಕೂದಲು ಕತ್ತರಿಸಿ ನನ್ನ ಕೈಗೆ ಕೊಟ್ಟಳು. ನನ್ನ ಡಬ್ಬಿಯ ಉಂಡೆಗಳನ್ನು ಬಿಡಿಸಿದೆವು. ಅಮ್ಮ ಬಿಗಿದಿದ್ದ ದಾರವನ್ನು ಬಿಚ್ಚದೆ, ಆ ಉಗುರಿನಷ್ಟು ಕೂದಲಿಗೇ ನಮ್ಮಿಬ್ಬರದ್ದನ್ನೂ ಸೇರಿಸಿ ಹೊಸ ದಾರ ಸುತ್ತಿದೆವು. ಹೆಣೆಯುವಾಗ ಎಳೆ ಬಿಗಿಯಾಗಿ ಹಿಡಿ ಅಂತ ಅಕ್ಕ ನನ್ನ ಕೈಗೆ ಒಂದು ಏಟು ಹಾಕಿದಳು. ಅಮ್ಮ ಹಾಕುತ್ತಿದ್ದ ಏಟೇ ಅದು, ಅಕ್ಕನ ಕೈಗೆ ಬಂದಿರುವುದು ಅವಳಿಗೆ ಗೊತ್ತಿಲ್ಲ. ಜಡೆ ಕಪ್ಪು ಬಿಳುಪಾಗಿ ಅರ್ಧ ಗೇಣು ಬಂತು. ರಾಣಿಯ ಹಿಮ್ಮಡಿ ದಾಟಲಿಲ್ಲ, ಸೊಂಟದ ಕೆಳಗೆ ನಿಂತಿತು.

ಹೊರಡುವಾಗ ಅಕ್ಕ ಮತ್ತೆ ಬಚ್ಚಲಿಗೆ ಹೋದಳು. ಬರುವಾಗ ಕೈಯಲ್ಲಿ ನಮ್ಮ ಹಳೇ ಕುಂಕುಮದ ಡಬ್ಬಿ ಇತ್ತು.

"ಒಬ್ಬನ್ನ ಕರ್ಕೊಂಡ್ ಹೋಗ್ತೀನಿ" ಅಂದಳು, ನನ್ನ ಮುಖ ನೋಡದೆ.

"ನಿಮ್ಮನೇಲಿ ಅವನಿಗೆ ತಿನ್ನಕ್ಕೆ ಏನಿದೆ ಅಕ್ಕ? ಫಿನಾಯಿಲಾ?"

"ಬಾಚಿದ್ದು ಹಾಕ್ತೀನಿ. ನಿನಗ್ಯಾಕೆ?"

ನಾಲ್ಕು ದಿನಕ್ಕೆ ಫೋನು ಬಂತು. ದನಿಯಲ್ಲಿ ಗಾಬರಿ. "ಲೇ, ಅವನು ಏನೂ ತಿಂತಿಲ್ಲ ಕಣೇ. ಬಚ್ಚಲ ಕಿಟಕಿ ಪಕ್ಕ ಹೋಗಿ ಅಂಟ್ಕೊಂಡವ್ನೆ. ಎರಡು ಕಡೆಯಿಂದ್ಲೂ ತಲೆ ಹಾಕ್ತಿಲ್ಲ. ನನ್ನ ಡೈ ಏನಾದ್ರೂ ತಿಂದು..." ಡೈ ಹಚ್ಚುವುದು ಹೀಗೆ ಒಪ್ಪಿಗೆಯಾಯಿತು. ನಾನು ಮೇಷ್ಟರಾಗಿ ಸಮಾಧಾನ ಹೇಳಿದೆ. ಅವನು ಸತ್ತಿಲ್ಲ, ಕೋಶಾವಸ್ಥೆಗೆ ಹೋಗಿದ್ದಾನೆ, ರೇಷ್ಮೆ ಹುಳ ಗೂಡು ಕಟ್ಟಿ ಮಾಡುವುದನ್ನು ಇವನು ಕೋಟಿನೊಳಗೇ ಮಾಡುತ್ತಾನೆ, ಎರಡು ವಾರ ಮುಟ್ಟಬೇಡ. ಎರಡು ವಾರವೂ ಅವಳು ಆ ಕಿಟಕಿಯ ಸುತ್ತ ಗುಡಿಸಲಿಲ್ಲ ಅಂತ ಸಿಂಧು ನನಗೆ ಹೇಳಿದಳು. "ಚಿಕ್ಕಮ್ಮ, ಅಮ್ಮಂಗೆ ಏನಾಗಿದೆ? ಮದುವೆ ಟೆನ್ಶನ್ನಾ?"

ಮದುವೆಗೆ ಐದು ದಿನ ಇರುವಾಗ ಮತ್ತೆ ಫೋನು.

"ಹೊರಗೆ ಬಂತು ಕಣೇ. ಬೂದಿ ಬಣ್ಣದ್ದು, ಅಕ್ಕಿಕಾಳಿನಷ್ಟು ಚಿಟ್ಟೆ. ರೆಕ್ಕೆ ಮೇಲೆ ಸಣ್ಣ ಕಪ್ಪು ಚುಕ್ಕಿ. ಅದಕ್ಕೇನು ತಿನ್ನಕ್ಕೆ ಕೊಡ್ಲಿ?"

"ಏನೂ ಬೇಡ. ಅದು ಇನ್ನು ಊಟ ಮಾಡಲ್ಲ. ಚುಕ್ಕಿ ಇದ್ರೆ ಹೆಣ್ಣು. ಮೊಟ್ಟೆ ಇಟ್ಟು ಹೋಗುತ್ತೆ ಅಷ್ಟೇ."

ಆ ಕಡೆ ಕಿಟಕಿ ತೆರೆದ ಸದ್ದು ಕೇಳಿಸಿತು. "ಹಾರಿಹೋಯ್ತು" ಅಂದಳು ಅಕ್ಕ. "ಕೋಟು ಬಿಟ್ಟು ಹೋಗಿದೆ."

ಮದುವೆಯ ದಿನ ಮಂಟಪದ ಪಕ್ಕದ ಮೇಜಿನ ಮೇಲೆ ರಾಜ ರಾಣಿಯರನ್ನು ಕೂರಿಸಿದ್ದೆವು. ಏಳು ವರ್ಷದ ಮೇಲೆ ದಂಪತಿಗಳಿಗೆ ಒಂದೇ ಊರಿಗೆ ವರ್ಗಾವಣೆಯಾಗಿತ್ತು. ರಾಣಿಗೆ ಸಿಂಧುವಿನ ಸೀರೆಯದೇ ಸೀರೆ, ಹಿಂದೆ ನಮ್ಮಿಬ್ಬರ ಕಪ್ಪು ಬಿಳಿ ಜಡೆ. ಜಡೆಯ ನಡುವೆ, ಬಿಲ್ಲೆ ಇರಬೇಕಾದ ಕಡೆ, ಅಕ್ಕ ಆ ಖಾಲಿ ಕೋಟನ್ನು ಚಿನ್ನದ ಬಣ್ಣದ ದಾರದಲ್ಲಿ ಹೊಲಿದಿದ್ದಳು. ಸಿಂಧು ಬಗ್ಗಿ ನೋಡಿ, ಬೆರಳಿನಿಂದ ಸವರಿ, ಅಜ್ಜಿಯದೇನಾ ಅಂತ ಕೇಳಿ, ತಾಯಿ ಹೌದೆಂದು ತಲೆಯಾಡಿಸಿದ ಮೇಲೆ ಕಣ್ಣು ಒರೆಸಿಕೊಂಡಿದ್ದಳು. ಹೆಚ್ಚು ವಿವರ ನಾವು ಕೊಡಲಿಲ್ಲ. ಮದುವೆ ಹೆಣ್ಣಿಗೆ ಹುಳದ ಕಥೆ ಯಾಕೆ.

ಗಂಡಿನ ಕಡೆಯ ಹೆಂಗಸೊಬ್ಬರು ಗೊಂಬೆಯ ಹತ್ತಿರ ಬಂದು ಕನ್ನಡಕ ಸರಿಮಾಡಿಕೊಂಡರು. ಅವರ ಕೈಯಲ್ಲಿ ತಾಂಬೂಲದ ಚೀಲವಿತ್ತು. ನನಗೆ ನಜರ್‌ಬಾದಿನ ಎದುರು ಮನೆಯಾಕೆ ನೆನಪಾದರು.

"ಜಡೆಬಿಲ್ಲೆ ಭಾಳ ಚೆನ್ನಾಗಿದೆ ಕಣ್ರೀ" ಅಂದರು. "ಎಷ್ಟು ಸಣ್ಣ ಕೆಲಸ! ಎಲ್ಲಿ ಮಾಡಿಸಿದ್ರಿ?"

ಒಂದು ತಿಂಗಳು ಪೂರ್ತಿ ಸುಳ್ಳು ಹೇಳಿ ಪಳಗಿದ್ದ ನಾನು ಬಾಯಿ ತೆರೆಯುವುದರೊಳಗೆ ಅಕ್ಕ ಮುಂದೆ ಬಂದಳು.

"ಮಾಡಿಸಿದ್ದಲ್ಲ" ಅಂದಳು. "ನಮ್ಮಮ್ಮಂದು."